ನೆನಪಳಿದವನ ಗುರುತು

2024ರ ಡಿಸೆಂಬರ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ವೃದ್ಧಾಶ್ರಮವೊಂದರಿಂದ ನಮ್ಮ ಬಳ್ಳಾರಿ ಸೀಮೆಯ ಹೆಂಗಸೊಬ್ಬರು ಮನೆಗೆ ಹಿಂದಿರುಗಿದರು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಯಾವುದೋ ರೈಲನ್ನೇರಿ ಅಗಲಿಹೋಗಿದ್ದ ಆಕೆ ತೀರಿಕೊಂಡರೆಂದೇ ಬಂಧುಗಳು ನಂಬಿದ್ದರು. ಆ ಬೆಟ್ಟದ ನಾಡಿನಲ್ಲಿ ಆಕೆಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿ ಸೇವೆಯಲ್ಲಿದ್ದ ಕನ್ನಡ ಬಲ್ಲ ಅಧಿಕಾರಿಗಳು ಕನ್ನಡದಲ್ಲಿ ಮಾತನಾಡಿಸಿದಾಗಲೇ ಊರಿನ ಸುಳಿವು ದೊರೆಯಿತು. ಅದನ್ನು ಹಿಡಿದು ಮನೆಯವರನ್ನು ಪತ್ತೆಮಾಡಲಾಯಿತು. ಆಕೆಗೆ ಗುರುತಿನ ಚೀಟಿಯಾಗಿ ಒದಗಿದ್ದು ನಾಲಗೆಯ ಮೇಲಿನ ಭಾಷೆ.

ಈ ಪ್ರಸಂಗದಲ್ಲಿ ಆಕೆ ಯಾರೆಂಬುದು ಇತರರಿಗೆ ತಿಳಿಯಬೇಕಾಗಿತ್ತು. ಇದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯುಂಟು. ತಾನು ಯಾರೆಂಬುದೇ ಮರೆತುಹೋದವನು ಅದನ್ನು ತನಗೆ ತಾನೇ ಹೇಗೆ ಸಿದ್ಧಪಡಿಸಿಕೊಳ್ಳಬೇಕು? ಇದು ಕೇವಲ ವೇದಾಂತಿಗಳ ಪ್ರಶ್ನೆಯೆಂದು ತಳ್ಳಿಬಿಡುವಂತಿಲ್ಲ. ಇದರೊಳಗೆ ಮನಶ್ಶಾಸ್ತ್ರ, ಗಣಿತ, ಪರಮಾಣು ವಿಜ್ಞಾನ ಮೂರೂ ಬಂದು ಸೇರುತ್ತವೆ.

ಸಿರಿಗೆರೆಯ ಬಸ್ಸುನಿಲ್ದಾಣದಲ್ಲಿ ಒಂದು ಮುಂಜಾನೆ ಒಬ್ಬ ಮನುಷ್ಯ ಎಚ್ಚರಗೊಳ್ಳುತ್ತಾನೆಂದು ಊಹಿಸಿಕೊಳ್ಳೋಣ. ಎದುರಿನ ಫಲಕವನ್ನು ಅವನು ಸರಾಗವಾಗಿ ಓದುತ್ತಾನೆ. ಚಿತ್ರದುರ್ಗವೆಂದರೆ ಕೋಟೆ, ದಾವಣಗೆರೆಯೆಂದರೆ ಬೆಣ್ಣೆದೋಸೆ ಎಂಬುದು ಅವನಿಗೆ ಗೊತ್ತಿದೆ. ಚಹಾದ ಅಂಗಡಿಯವನಿಗೆ ನೋಟು ಕೊಟ್ಟು ಚಿಲ್ಲರೆಯನ್ನು ಎಣಿಸಿಕೊಳ್ಳುತ್ತಾನೆ. ಆದರೆ ತನ್ನ ಹೆಸರೇನು, ಊರು ಯಾವುದು, ತಾನೇಕೆ ಇಲ್ಲಿಗೆ ಬಂದೆ ಎಂಬುದೊಂದೂ ತೋಚದು. ಜೇಬಿನಲ್ಲಿ ಒಂದು ಗುರುತಿನ ಚೀಟಿಯಿದೆ. ಅದರ ಮೇಲೆ ಒಂದು ಹೆಸರು, ಒಂದು ಮಸುಕಾದ ಭಾವಚಿತ್ರ. ಅದು ಅವನದೇ ಎಂದು ಹೇಗೆ ನಂಬಬೇಕು? ಅಂಗಿ ಬೇರೆಯವನದಾಗಿರಬಹುದು, ಚೀಟಿ ದಾರಿಯಲ್ಲಿ ಸಿಕ್ಕಿದ್ದಿರಬಹುದು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ತಲೆಗೆ ಪೆಟ್ಟು ಬಿದ್ದೊಡನೆ ಹೆಸರು ಮರೆತು, ಇನ್ನೊಂದು ಪೆಟ್ಟು ಬಿದ್ದೊಡನೆ ಎಲ್ಲವೂ ನೆನಪಾಗುವುದು ಚಲನಚಿತ್ರಗಳಲ್ಲಿ ಮಾತ್ರ ನಡೆಯತಕ್ಕದ್ದು. ಮಿದುಳಿಗೆ ಪೆಟ್ಟಾದವರಲ್ಲಿ ಬಹುಮಂದಿ ಹೆಸರನ್ನು ಮರೆಯುವುದಿಲ್ಲ. ಹೊಸದನ್ನು ನೆನಪಿನಲ್ಲಿಟ್ಟುಕೊಳ್ಳಲಾರದೆ ಹೋಗುತ್ತಾರೆ. ಹೆಸರು ಸಹಿತವಾಗಿ ಹಿಂದಿನ ಬಾಳೆಲ್ಲ ಅಳಿಸಿಹೋಗುವುದು ಅಪರೂಪ. ಅದು ಒದಗಿದಲ್ಲಿ ಹೆಚ್ಚಾಗಿ ತಡೆಯಲಾರದ ಮಾನಸಿಕ ಆಘಾತವೇ ಕಾರಣವಾಗಿರುತ್ತದೆ. ನಮ್ಮ ಸಿರಿಗೆರೆಯ ಮನುಷ್ಯ ಅಂಥ ಅಪರೂಪದವನೆಂದು ಇಟ್ಟುಕೊಳ್ಳೋಣ.

ಅವನು ಅಕ್ಷರವನ್ನು ಮರೆಯದೆ ಹೆಸರನ್ನು ಮಾತ್ರ ಮರೆತದ್ದು ಹೇಗೆ? ನೆನಪೆಂಬುದು ಒಂದೇ ಪೆಟ್ಟಿಗೆಯಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1953ರಲ್ಲಿ, ಮೂರ್ಛೆರೋಗದಿಂದ ನರಳುತ್ತಿದ್ದ 27 ವರ್ಷದ ಹೆನ್ರಿ ಮೊಲೈಸನ್ ಎಂಬಾತನ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಒಂದೊಂದು ಭಾಗವನ್ನು ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಕತ್ತರಿಸಿ ತೆಗೆದನು. ಮೂರ್ಛೆ ತಗ್ಗಿತು; ಆದರೆ ಅಂದಿನಿಂದ 2008ರಲ್ಲಿ ಸಾಯುವವರೆಗೆ ಆತನ ಮನಸ್ಸಿನಲ್ಲಿ ಯಾವ ಹೊಸ ಘಟನೆಯೂ ನೆಲೆಗೊಳ್ಳಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಆತನಿಗೆ, ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಮೇಲೆ ಗೆರೆಯೆಳೆಯುವ ಕೆಲಸವನ್ನು ಕೊಟ್ಟಳು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿ ದಿನವೂ ಅವನು ಆ ಕೆಲಸವನ್ನು ತಾನೆಂದೂ ಮಾಡಿಲ್ಲವೆಂದೇ ಹೇಳುತ್ತಿದ್ದನು! ಕೈಗೆ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಸೈಕಲ್ ಹೊಡೆಯುವುದು, ಈಜುವುದು, ರಾಗಿ ಮುದ್ದೆ ಕಟ್ಟುವುದು ಇವೆಲ್ಲ ಇಂಥ ಕೈಯ ನೆನಪುಗಳು. ಪಾಠದಿಂದ ಕಲಿತ ಸಂಗತಿಗಳ ನೆನಪು ಇನ್ನೊಂದು ಬಗೆ. ಬಾಳಿನ ಘಟನೆಗಳ ನೆನಪು ಮತ್ತೊಂದು ಬಗೆ. ಒಂದು ಅಳಿದರೂ ಉಳಿದವು ಇರಬಲ್ಲವು.

ಕೆನಡಾದ ಕೆಂಟ್ ಕಾಕ್ರೇನ್ ಎಂಬಾತನ ವಿಷಯವಂತೂ ನಮ್ಮ ಪ್ರಶ್ನೆಗೆ ತೀರ ಹತ್ತಿರವಾದದ್ದು. 1981ರಲ್ಲಿ ಮೋಟಾರ್ ಸೈಕಲ್ ಅಪಘಾತವಾದ ಮೇಲೆ ಬಾಳಿನ ಒಂದೇ ಒಂದು ಘಟನೆಯನ್ನೂ ‘ಇದು ನನಗೆ ನಡೆದದ್ದು’ ಎಂದು ಅವನು ನೆನೆಯಲಾರದೆ ಹೋದನು. ಅಪಘಾತದಿಂದ ಅವನ ಸ್ವಭಾವವೂ ಬದಲಾಗಿತ್ತು. ಎಂಡೆಲ್ ಟಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞ, ‘ನೀನು ಎಂಥವನು?’ ಎಂಬುದನ್ನು ಗುಣವಾಚಕಗಳ ಪಟ್ಟಿಯೊಂದನ್ನು ಕೊಟ್ಟು ಕೇಳಿದನು. ಅದೇ ಪಟ್ಟಿಯನ್ನು ತಾಯಿಗೂ ಕೊಟ್ಟನು. ಮಗನ ಉತ್ತರಗಳು ತಾಯಿ ಹೇಳಿದ ಇಂದಿನ ಸ್ವಭಾವಕ್ಕೆ ಹೊಂದಿಕೊಂಡವು, ಅಪಘಾತದ ಹಿಂದಿನ ಸ್ವಭಾವಕ್ಕಲ್ಲ. ಅಂದರೆ ಒಂದು ಘಟನೆಯನ್ನೂ ನೆನೆಯಲಾರದ ಮನುಷ್ಯ ತಾನೆಂಥವನೆಂಬುದನ್ನು ಹೊಸದಾಗಿ ಅರಿತುಕೊಂಡಿದ್ದನು! ಘಟನೆಗಳನ್ನು ಒಂದೊಂದಾಗಿ ಪೋಣಿಸಿಯೇ ‘ನಾನು’ ಎಂಬ ಸರವಾಗುವುದೆಂಬ ನಮ್ಮ ಎಣಿಕೆಗೆ ಇದು ದೊಡ್ಡ ಪೆಟ್ಟು.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಥ ಎಣಿಕೆಯನ್ನೇ ಸಿದ್ಧಾಂತವಾಗಿ ಮಂಡಿಸಿದ್ದನು: ನೆನಪು ಎಲ್ಲಿಯವರೆಗೆ ಹಿಂದಕ್ಕೆ ಚಾಚುವುದೋ ಅಲ್ಲಿಯವರೆಗೆ ಮನುಷ್ಯ ಒಬ್ಬನೇ. ಇದಕ್ಕೆ ಥಾಮಸ್ ರೀಡ್ ಎಂಬಾತನು 1785ರಲ್ಲಿ ಕೊಟ್ಟ ಉತ್ತರ ಸೊಗಸಾಗಿದೆ. ತೋಟದಲ್ಲಿ ಹಣ್ಣು ಕದ್ದು ಏಟು ತಿಂದ ಹುಡುಗ ಮುಂದೆ ಶೂರ ಸೈನಿಕನಾದ. ಸೈನಿಕನಿಗೆ ಏಟಿನ ನೆನಪಿತ್ತು. ಸೈನಿಕ ಮುದುಕನಾಗಿ ಸೇನಾಪತಿಯಾದ. ಸೇನಾಪತಿಗೆ ಶೌರ್ಯದ ನೆನಪಿದೆ, ಏಟಿನ ನೆನಪಿಲ್ಲ. ಹಾಗಾದರೆ ಸೇನಾಪತಿ ಆ ಹುಡುಗನಲ್ಲವೇ? ನಮ್ಮ ದೇಶದ ನೈಯಾಯಿಕರೂ ವೇದಾಂತಿಗಳೂ ಬೌದ್ಧರೊಡನೆ ಶತಮಾನಗಳ ಕಾಲ ಇದೇ ವಿಷಯವನ್ನು ವಾದಿಸಿದ್ದಾರೆ. ‘ನಿನ್ನೆ ಕಂಡ ನಾನೇ ಇಂದು ಮುಟ್ಟುತ್ತಿದ್ದೇನೆ’ ಎಂಬ ಅರಿವಿಗೆ ಅವರು ಪ್ರತ್ಯಭಿಜ್ಞೆ ಎಂದು ಹೆಸರಿಟ್ಟರು. ಸಿರಿಗೆರೆಯವನಿಗೆ ತಪ್ಪಿಹೋಗಿರುವುದು ಈ ಪ್ರತ್ಯಭಿಜ್ಞೆಯೇ. ‘ನಾನಿದ್ದೇನೆ’ ಎಂಬುದರಲ್ಲಿ ಅವನಿಗೆ ಸಂದೇಹವಿಲ್ಲ. ‘ಚೀಟಿಯಲ್ಲಿರುವವನೇ ನಾನು’ ಎಂಬುದು ಬೇರೆ ಮಾತು. ಅದು ಒಳಗಣ್ಣಿಗೆ ಕಾಣುವಂಥದಲ್ಲ, ಹೊರಗಿನ ಸಾಕ್ಷ್ಯದಿಂದ ಪರೀಕ್ಷಿಸತಕ್ಕದ್ದು.

ಸಾಕ್ಷ್ಯವೆಂದೊಡನೆ ಸಂಸ್ಕೃತ ಬಲ್ಲವರಿಗೆ ಶಾಕುಂತಲ ನಾಟಕದ ಉಂಗುರ ನೆನಪಾಗಬಹುದು. ಬಸಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿಕೊಂಡದ್ದು ಇದೇ ನಾಟಕದಿಂದ. ಅಭಿಜ್ಞಾನವೆಂದರೆ ಗುರುತಿನ ವಸ್ತು. ಮರೆತ ದುಷ್ಯಂತನಿಗೆ ಉಂಗುರ ನೆನಪನ್ನು ಮರಳಿಸುತ್ತದೆ. ಆದರೆ ಅದು ದೊರೆಯುವ ಮುಂಚೆ ಯಾರ ಕೈಯಲ್ಲಿತ್ತು? ಬೆಸ್ತನ ಕೈಯಲ್ಲಿ, ಕಾವಲಿನವರು ಅವನನ್ನು ಕಳ್ಳನೆಂದು ಹಿಡಿದರು. ವಸ್ತುವೆಂಬುದು ಕೈಯಿಂದ ಕೈಗೆ ಹೋಗತಕ್ಕದ್ದಾದ್ದರಿಂದ ಅದು ವ್ಯಕ್ತಿಯನ್ನು ಸಿದ್ಧಪಡಿಸಲಾರದೆಂಬುದನ್ನು ಕಾಳಿದಾಸನೇ ತೋರಿಸಿಕೊಟ್ಟಂತಾಯಿತು. ಜೇಬಿನ ಚೀಟಿಯೂ ಹಾಗೆಯೇ.

ವಸ್ತುವಿನ ಬದಲು ತನ್ನದೇ ಬರಹವಾದರೆ? ಕ್ಲೈವ್ ವೇರಿಂಗ್ ಎಂಬ ಆಂಗ್ಲ ಸಂಗೀತಗಾರನಿಗೆ 1985ರಲ್ಲಿ ವೈರಸ್ಸೊಂದರಿಂದ ಮಿದುಳುಜ್ವರ ಬಂದು, ನೆನಪಿನ ಅವಧಿ ಕೆಲವೇ ಸೆಕೆಂಡುಗಳಿಗೆ ಇಳಿಯಿತು. ತಾನು ಈಗತಾನೇ ಮೊದಲ ಬಾರಿಗೆ ಎಚ್ಚರಗೊಂಡೆನೆಂದು ಅವನು ದಿನಚರಿಯಲ್ಲಿ ಬರೆಯುವನು. ಕೆಲವು ನಿಮಿಷಗಳಲ್ಲಿ ಅದನ್ನು ಹೊಡೆದುಹಾಕಿ, ಈಗ ನಿಜವಾಗಿ ಎಚ್ಚರಗೊಂಡೆನೆಂದು ಮತ್ತೆ ಬರೆಯುವನು. ಪುಟಗಟ್ಟಲೆ ಹೀಗೆಯೇ. ಅಕ್ಷರ ತನ್ನದೆಂದು ಅವನು ಒಪ್ಪುತ್ತಾನೆ. ಆದರೆ ಬರೆದಾಗ ತನಗೆ ಎಚ್ಚರವೇ ಇರಲಿಲ್ಲವೆನ್ನುತ್ತಾನೆ. ಇದಕ್ಕಿಂತ ಕರುಣಾಜನಕವಾದ ದಾಖಲೆಯನ್ನು ನಾನು ಕಾಣೆ. ಅಷ್ಟಾದರೂ ಪಿಯಾನೋದ ಮುಂದೆ ಕುಳಿತರೆ ಅವನ ಬೆರಳುಗಳು ತಡವರಿಸಲಿಲ್ಲ.

ಇನ್ನು, ನೆನಪು ಮರಳಿ ಬಂದರೆ ತೊಡಕೆಲ್ಲ ಮುಗಿಯಿತೆನ್ನೋಣವೇ? ಹಾಗೂ ಅನ್ನುವಂತಿಲ್ಲ. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಎಂಬವರು 24 ಮಂದಿಗೆ ಅವರ ಬಾಲ್ಯದ ನಾಲ್ಕು ಪ್ರಸಂಗಗಳನ್ನು ಬರೆದುಕೊಟ್ಟರು. ಮೂರು ನಿಜ, ಒಂದು ಕಟ್ಟುಕತೆ. ‘ನೀನು ಚಿಕ್ಕವನಿದ್ದಾಗ ದೊಡ್ಡ ಮಳಿಗೆಯಲ್ಲಿ ತಪ್ಪಿಸಿಕೊಂಡಿದ್ದೆ’ ಎಂಬುದೇ ಆ ಕತೆ. ಸುಮಾರು ಕಾಲುಭಾಗದವರು ನಡೆಯದ ಆ ಸಂಗತಿಯನ್ನು ಪೂರ್ಣವಾಗಿಯೋ ಅಲ್ಪಸ್ವಲ್ಪವಾಗಿಯೋ ‘ನೆನಪಿಸಿಕೊಂಡರು’. ಆರೋಗ್ಯವಂತರ ಪಾಡೇ ಹೀಗಿರುವಾಗ, ಬರಿದಾದ ಮನಸ್ಸಿಗೆ ಸುತ್ತಮುತ್ತಲಿನವರು ‘ನೀನು ಇಂಥವನು, ನಿನ್ನ ಹೆಂಡತಿ ಇವಳು, ನಿನ್ನ ಸಾಲ ಇಷ್ಟು’ ಎಂದು ಹೇಳಿದರೆ ಅದು ನೆನಪಿನ ವೇಷದಲ್ಲಿ ಬೇರುಬಿಡುವುದು ಕಷ್ಟವಲ್ಲ. ಇದು ಆಸ್ತಿಪಾಸ್ತಿಯ ಪ್ರಶ್ನೆಯೂ ಆಗುತ್ತದೆ. ಮರೆವಿನ ರೋಗವುಳ್ಳ ಮುದುಕರಿರುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಬಂಗಾಳದ ಭಾವಾಲ್ ಜಮೀನಿನ ಮೊಕದ್ದಮೆ ಈ ದೃಷ್ಟಿಯಿಂದ ನೋಡತಕ್ಕದ್ದು. ಭಾವಾಲಿನ ಎರಡನೆಯ ಕುಮಾರ ರಮೇಂದ್ರನಾರಾಯಣ ರಾಯ್ 1909ರಲ್ಲಿ ದಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ಎಲ್ಲರೂ ನಂಬಿದ್ದರು. 1921ರಲ್ಲಿ ಬೂದಿ ಬಳಿದ ಸಂನ್ಯಾಸಿಯೊಬ್ಬ ತಾನೇ ಆ ಕುಮಾರನೆಂದನು. ತನಗೆ ನೆನಪು ತಪ್ಪಿ ಸಾಧುಗಳೊಡನೆ ವರ್ಷಗಟ್ಟಲೆ ಅಲೆದೆನೆಂದು ಹೇಳಿದನು. 1930ರಲ್ಲಿ ದಾವೆ ಹೂಡಲಾಯಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆಯಾಯಿತು. 1936ರಲ್ಲಿ ನ್ಯಾಯಾಧೀಶ ಪನ್ನಾಲಾಲ್ ಬಸು ಅವನ ಪರವಾಗಿ ತೀರ್ಪಿತ್ತನು. ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರಲ್ಲಿ ಅದನ್ನೇ ಎತ್ತಿಹಿಡಿದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ನೆನಪಿನ ಉತ್ತರಗಳನ್ನು ಯಾರಾದರೂ ಹೇಳಿಕೊಟ್ಟಿರಬಹುದು. ಪಾದದ ಒರಟು ಚರ್ಮ, ಕಾಲಿನ ಮೇಲಿನ ಹಳೆಯ ಗಾಯದ ಕಲೆ ಮೊದಲಾದ ಹಲವು ಗುರುತುಗಳು ಒಂದೇ ದೇಹದಲ್ಲಿ ಕೂಡಿಬಂದುದನ್ನು ಯಾರೂ ಹೇಳಿಕೊಡಲಾರರು. ತೀರ್ಪಿನಲ್ಲಿ ಈ ಮೈಗುರುತುಗಳಿಗೆ ದೊಡ್ಡ ಸ್ಥಾನ ದೊರೆಯಿತು.

‘ಕೂಡಿಬರುವುದು’ ಎಂಬುದರ ಬಲವನ್ನು ಅಂಕಗಣಿತದಿಂದ ನೋಡಬಹುದು. ಚೀಟಿಯ ಒಡೆಯನ ರಕ್ತದ ಗುಂಪು ಮೂವರಲ್ಲಿ ಒಬ್ಬರಿಗೆ ಇರತಕ್ಕದ್ದೆಂದು ಇಟ್ಟುಕೊಳ್ಳಿ; ಮೊಣಕಾಲಿನ ಕೆಳಗಣ ಕಲೆಯಂಥದು ನೂರರಲ್ಲಿ ಒಬ್ಬನಿಗೆ; ಎಡಗೈ ಬರವಣಿಗೆ ಮತ್ತು ಕಿವಿಯ ಹಾಲೆಯ ಆಕಾರ ಎರಡೂ ಸೇರಿ ಐವತ್ತರಲ್ಲಿ ಒಬ್ಬನಿಗೆ. ಇವು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಮೂರನ್ನೂ ಗುಣಿಸಬಹುದು: ಎಲ್ಲವೂ ಆಕಸ್ಮಿಕವಾಗಿ ಹೊಂದುವವನು 15,000 ಮಂದಿಯಲ್ಲಿ ಒಬ್ಬ. ತರಳಬಾಳು ಹುಣ್ಣಿಮೆಯ ಉತ್ಸವಕ್ಕೆ ಲಕ್ಷ ಜನ ನೆರೆದರೆ ಅಂಥವರು ಆರೇಳು ಮಂದಿ ಸಿಕ್ಕಬಹುದು. ಇಪ್ಪತ್ತರಲ್ಲಿ ಒಬ್ಬನಿಗೆ ಹೊಂದುವ ಇನ್ನೊಂದು ಗುರುತು ಸೇರಿತೋ, ಮೂರು ಲಕ್ಷಕ್ಕೆ ಒಬ್ಬನಾದ. ಆ ಜಾತ್ರೆಯಲ್ಲಿ ಇನ್ನೊಬ್ಬ ಸಿಕ್ಕುವುದು ವಿರಳ. ಒಂದೊಂದು ಗುರುತೂ ದುರ್ಬಲವಾದರೂ ಗುಣಾಕಾರ ಪ್ರಬಲ.

ಆದರೆ ‘ಸಂಬಂಧವಿಲ್ಲದವಾದರೆ’ ಎಂಬ ಮಾತನ್ನು ವಿದ್ಯಾರ್ಥಿಗಳು ಎರಡು ಸಲ ಓದಬೇಕು. ಸಿರಿಗೆರೆಯವನ ಬಳಿ ಚೀಟಿಗಳು ಹತ್ತಿದ್ದು, ಹತ್ತರಲ್ಲಿಯೂ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಹತ್ತು ಸಾಕ್ಷ್ಯವಾಗದು. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದ ದಿನ ಮೇಷ್ಟ್ರು ಅಂದಾಜಿನಿಂದ ಬರೆದುಕೊಂಡ ತಾರೀಖದು. ಉಳಿದ ಒಂಬತ್ತು ಅದರ ನಕಲು. ಕನ್ನಡ ನಾಡಿನಲ್ಲಿ ಜೂನ್ ಒಂದರಂದು ಹುಟ್ಟಿದವರು ಅಷ್ಟು ಮಂದಿ ಇರುವುದು ಗ್ರಹಗತಿಯಿಂದಲ್ಲ!

ಒಂದರ ನಕಲು ಇನ್ನೊಂದಲ್ಲದ ಎರಡು ಸಾಕ್ಷ್ಯಗಳು ಕೂಡಿಬಂದರೆ ಏನಾಗುವುದೆಂಬುದಕ್ಕೆ ಉದಾಹರಣೆ ನಮ್ಮ ನೆಲದಲ್ಲಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಬಂಡೆಬರಹಗಳಲ್ಲಿ ಮಾತನಾಡುವ ದೊರೆ ತನ್ನನ್ನು ‘ದೇವಾನಾಂಪಿಯ’ ಎಂದಷ್ಟೇ ಕರೆದುಕೊಂಡಿದ್ದಾನೆ. ಬರೆದ ಲಿಪಿಕಾರ ಚಪಡನ ಹೆಸರಿದೆ, ಬರೆಸಿದವನ ಹೆಸರಿಲ್ಲ! ದೇಶಕ್ಕೆ ದೇಶವೇ ಆ ದೊರೆಯನ್ನು ಮರೆತಿತ್ತು. 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅವನನ್ನು ಮೊದಲು ಸಿಂಹಳದ ಅರಸನೆಂದೇ ಎಣಿಸಿದನು. ಪಿಯದಸಿ ಎಂಬುದು ಅಶೋಕನ ಬಿರುದೆಂದು ಸಿಂಹಳದ ಪಾಳಿ ಗ್ರಂಥದ ಆಧಾರದಿಂದ ಜಾರ್ಜ್ ಟರ್ನರ್ ತಿಳಿಸಿದನು. ಆದರೂ ಗ್ರಂಥ ಬೇರೆ, ಶಿಲೆ ಬೇರೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡ ಬಂಡೆಯ ಮೇಲೆ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಇತ್ತು. ಸಿಂಹಳದ ಭಿಕ್ಷುಗಳು ಮಸ್ಕಿಯ ಬಂಡೆಯನ್ನು ನೋಡಿ ಬರೆದವರಲ್ಲ. ಬಂಡೆ ಕೊರೆದವನು ಅವರ ಗ್ರಂಥ ಓದಿದವನಲ್ಲ. ಆದ್ದರಿಂದಲೇ ಸಂದೇಹ ತೀರಿತು.

ಸಿರಿಗೆರೆಯವನಿಗೆ ಇಂಥ ಬಂಡೆಬರಹ ಯಾವುದು? ಬೆರಳಚ್ಚು ಎಂದು ಓದುಗರು ಹೇಳಬಹುದು. ಮೊದಲೇ ದಾಖಲಾಗಿದ್ದರೆ ಅದೇ ಉತ್ತಮ. ಆದರೆ ದಾಖಲೆ ಯಾವುದೂ ಇಲ್ಲದಿದ್ದರೂ ಅವನ ಬಾಯಲ್ಲಿ ಒಂದು ಬರಹವಿದೆ. ಅದು ಹಲ್ಲು.

ಹಲ್ಲಿನ ಹೊರಗವಚವಾದ ಎನಾಮೆಲ್ ಬಾಲ್ಯದಲ್ಲಿ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಚರ್ಮ, ರಕ್ತ, ಮೂಳೆಗಳಂತೆ ಅದು ಹೊಸದಾಗುವುದಿಲ್ಲ. ಅದರಲ್ಲಿ ನೂರಕ್ಕೆ ಅರ್ಧದಷ್ಟೂ ಇಲ್ಲದ ಅಲ್ಪ ಇಂಗಾಲವುಂಟು. ಅದರೊಳಗೆ ಅತ್ಯಲ್ಪವಾಗಿ ಇಂಗಾಲ–14 ಎಂಬ ವಿಕಿರಣಶೀಲ ಸಮಸ್ಥಾನಿ. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಈ ಪರಮಾಣುವನ್ನು ಸಸ್ಯಗಳು ಹೀರುತ್ತವೆ, ನಾವು ತಿನ್ನುತ್ತೇವೆ. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದಾಗಿ ಭೂಮಿಯ ಉತ್ತರಾರ್ಧದ ಗಾಳಿಯಲ್ಲಿ ಇದರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದಿಂದ ಅಂಥ ಪರೀಕ್ಷೆಗಳು ಬಹುಮಟ್ಟಿಗೆ ನಿಂತ ಮೇಲೆ ಅದು ವರ್ಷವರ್ಷವೂ ಇಳಿಯುತ್ತ ಬಂದಿತು. ಈ ಇಳಿತಕ್ಕೆ ವಿಕಿರಣಕ್ಷಯ ಕಾರಣವಲ್ಲ. ಅದರ ಅರ್ಧಾಯುಷ್ಯ 5,730 ವರ್ಷಗಳಾದ್ದರಿಂದ ಅರವತ್ತು ವರ್ಷಗಳಲ್ಲಿ ನೂರಕ್ಕೆ ಒಂದರಷ್ಟೂ ಸವೆಯದು. ಗಾಳಿಯ ಇಂಗಾಲಾಮ್ಲವನ್ನು ಸಮುದ್ರವೂ ಸಸ್ಯರಾಶಿಯೂ ಹೀರಿಕೊಂಡದ್ದು, ಕಲ್ಲಿದ್ದಲು ಪೆಟ್ರೋಲುಗಳ ಹೊಗೆಯೊಡನೆ ಅದು ಬೆರೆತದ್ದು ಕಾರಣ.

ಹೀಗಿರಲು, ಎನಾಮೆಲಿನ ಇಂಗಾಲ–14ರ ಪ್ರಮಾಣವನ್ನು ಅಳೆದು ಗಾಳಿಯ ದಾಖಲೆಯೊಡನೆ ಹೋಲಿಸಿದರೆ ಆ ಹಲ್ಲು ಮೂಡಿದ ವರ್ಷ ತಿಳಿಯುತ್ತದೆ. ಸ್ವೀಡನ್ನಿನ ಕರ್ಸ್ಟಿ ಸ್ಪಾಲ್ಡಿಂಗ್, ಯೋನಾಸ್ ಫ್ರಿಸೆನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸರಾಸರಿ ತಪ್ಪು ಒಂದೂವರೆ ವರ್ಷದ ಸುಮಾರಿನದು. ಒಂದು ತೊಡಕುಂಟು: ಪ್ರಮಾಣ ಏರಿ ಇಳಿದಿರುವುದರಿಂದ ಒಂದೇ ಬೆಲೆ ಏರಿಕೆಯ ಕಾಲದಲ್ಲಿಯೂ ಇಳಿಕೆಯ ಕಾಲದಲ್ಲಿಯೂ ಸಿಕ್ಕುತ್ತದೆ. ಇದಕ್ಕೆ ಎರಡು ಹಲ್ಲುಗಳನ್ನು ನೋಡಬೇಕು. ಮೊದಲ ದವಡೆಹಲ್ಲಿನ ಕವಚ ಹುಟ್ಟಿದ ಮೂರು ವರ್ಷಗಳೊಳಗೆ ಮುಗಿಯುತ್ತದೆ; ಬುದ್ಧಿಹಲ್ಲಿನದು ಹನ್ನೆರಡರ ಸುಮಾರಿಗೆ. ತಡವಾಗಿ ಮೂಡಿದ ಹಲ್ಲಿನಲ್ಲಿ ಕಡಮೆಯಿದ್ದರೆ ಇಳಿಕೆಯ ಕಾಲ, ಹೆಚ್ಚಿದ್ದರೆ ಏರಿಕೆಯ ಕಾಲ. ಮೇಷ್ಟ್ರ ಜೂನ್ ಒಂದನ್ನು ಪರೀಕ್ಷಿಸಲು ಇದಕ್ಕಿಂತ ಸ್ವತಂತ್ರವಾದ ಸಾಕ್ಷಿ ಯಾವುದು? ಆದರೆ ಗಾಳಿಯ ಪ್ರಮಾಣ ಈಗ ಬಾಂಬುಗಳ ಹಿಂದಿನ ಮಟ್ಟಕ್ಕೇ ಇಳಿದಿರುವುದರಿಂದ, ಇಂದು ಹುಟ್ಟುವ ಮಕ್ಕಳಿಗೆ ಈ ಗಡಿಯಾರ ಉಪಯೋಗಕ್ಕೆ ಬಾರದು.

ಅದೇ ಹಲ್ಲು ಊರನ್ನೂ ಅಷ್ಟಿಷ್ಟು ಹೇಳಬಲ್ಲದು. ರುಬಿಡಿಯಂ–87 ಎಂಬ ಪರಮಾಣು ಸುಮಾರು 5,000 ಕೋಟಿ ವರ್ಷಗಳ ಅರ್ಧಾಯುಷ್ಯದಿಂದ ಸ್ಟ್ರಾನ್ಷಿಯಂ–87 ಆಗುತ್ತದೆ. ಆದ್ದರಿಂದ ರುಬಿಡಿಯಂ ಹೆಚ್ಚಾಗಿರುವ ಪುರಾತನ ಶಿಲೆಗಳಲ್ಲಿ ಸ್ಟ್ರಾನ್ಷಿಯಂ–86ಕ್ಕೆ ಹೋಲಿಸಿದರೆ 87 ಹೆಚ್ಚು. ಸ್ಟ್ರಾನ್ಷಿಯಂ ಸುಣ್ಣದ ಲೋಹವಾದ ಕ್ಯಾಲ್ಸಿಯಂನ ತಮ್ಮನಂಥದು. ಶಿಲೆಯಿಂದ ಮಣ್ಣಿಗೆ, ಮಣ್ಣಿನಿಂದ ರಾಗಿಗೆ, ಹುಲ್ಲಿಗೆ, ಹಾಲಿಗೆ, ಅಲ್ಲಿಂದ ಮಗುವಿನ ಹಲ್ಲಿಗೆ ಅದು ಬರುತ್ತದೆ. ದಕ್ಷಿಣ ಕರ್ನಾಟಕದ ಗ್ನೀಸ್ ಶಿಲೆಗಳ ವಯಸ್ಸು ಹಲವೆಡೆ 300 ಕೋಟಿ ವರ್ಷಗಳನ್ನು ಮೀರುತ್ತದೆ. ವಿಜಯಪುರ ಬೆಳಗಾವಿಗಳ ಕಪ್ಪುಕಲ್ಲಿನ ದಖ್ಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ. ಎರಡು ನೆಲಗಳಲ್ಲಿ ಬೆಳೆದ ಮಕ್ಕಳ ಹಲ್ಲು ಒಂದೇ ಆಗಿರಲಾರದು. ಪಡಿತರದ ಅಕ್ಕಿ ಎಲ್ಲಿಂದಲೋ ಬರುವ ಕಾಲದಲ್ಲಿ ಈ ಬರಹ ಮಸುಕಾಗುತ್ತದೆ, ನಿಜ. ಹಳೆಯ ಕಾಲದ ಎಲುಬುಗಳನ್ನು ಪರೀಕ್ಷಿಸುವವರಿಗೆ ಇದು ಹೆಚ್ಚು ಪ್ರಯೋಜನಕಾರಿ.

ಇಷ್ಟಾದರೂ ಇವೆಲ್ಲ ದೇಹದ ಸಾಕ್ಷ್ಯ. ಮನಸ್ಸಿನ ಕಡೆಯಿಂದ ಏನೂ ಸಾಧ್ಯವಿಲ್ಲವೇ? ಮುಂದೊಂದು ದಿನ ಮರೆಯುವೆನೆಂದು ಗೊತ್ತಿರುವವನು ಒಂದು ಗುಟ್ಟಿನ ಪದವನ್ನು ಲಕೋಟೆಯಲ್ಲಿ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಮರೆವಿಗೆ ಮೊದಲು ಬಲಿಯಾಗುವುದೇ ಆ ಪದ. ಆದರೆ ಮೊಲೈಸನ್ನನ ಕೈ ನೆನೆದದ್ದನ್ನು ಜ್ಞಾಪಿಸಿಕೊಳ್ಳಿ. 2012ರಲ್ಲಿ ಹ್ರಿಸ್ಟೊ ಬೊಜಿನೋವ್, ಡ್ಯಾನ್ ಬೋನೆ ಮೊದಲಾದವರು ಅಮೆರಿಕದಲ್ಲಿ ಒಂದು ಪ್ರಯೋಗ ನಡೆಸಿದರು. ಕಂಪ್ಯೂಟರಿನ ಆಟವೊಂದರಲ್ಲಿ ಮೇಲಿನಿಂದ ಬೀಳುವ ಚುಕ್ಕೆಗಳಿಗೆ ಸರಿಯಾಗಿ ಕೀಲಿಗಳನ್ನು ಒತ್ತಬೇಕು. ಆಟದ ನಡುವೆ 30 ಒತ್ತುಗಳ ಒಂದು ಕ್ರಮವನ್ನು ಮತ್ತೆ ಮತ್ತೆ ಹುದುಗಿಸಿಡುತ್ತಾರೆ. ಮುಕ್ಕಾಲು ಗಂಟೆಯೊಳಗೆ ಬೆರಳುಗಳು ಅದನ್ನು ಕಲಿಯುತ್ತವೆ. ಆಡಿದವನಿಗೆ ಮಾತ್ರ ತಾನು ಕಲಿತದ್ದೇನೆಂದು ಹೇಳಲಾಗುವುದಿಲ್ಲ. ಎರಡು ವಾರಗಳ ಮೇಲೂ ಆ ಕ್ರಮ ಬಂದಾಗ ಬೆರಳು ಇತರ ಕ್ರಮಗಳಿಗಿಂತ ಚುರುಕಾಗಿ ನಡೆಯುತ್ತದೆ. ಬಲಾತ್ಕಾರದಿಂದಲೂ ಹೊರಗೆಡಹಲಾಗದ ಗುಟ್ಟೊಂದನ್ನು ನಿರ್ಮಿಸುವುದು ಅವರ ಉದ್ದೇಶವಾಗಿತ್ತು. ಪ್ರಯೋಗ ನಡೆದದ್ದು ಆರೋಗ್ಯವಂತರ ಮೇಲೆ. ಆದರೆ ಮರೆವಿನ ರೋಗಿಗಳೂ ಇಂಥ ಒತ್ತುಕ್ರಮಗಳನ್ನು ಅರಿವಿಲ್ಲದೆ ಕಲಿಯಬಲ್ಲರೆಂಬುದು 1987ರಲ್ಲಿಯೇ ಕಂಡುಬಂದಿತ್ತು.

ಸಿರಿಗೆರೆಯವನು ಹಿಂದೊಮ್ಮೆ ಇಂಥ ಆಟವನ್ನು ಆಡಿದ್ದನೆನ್ನೋಣ. ಈಗ ಅವನನ್ನು ಕೀಲಿಮಣೆಯ ಮುಂದೆ ಕೂರಿಸಿದರೆ ಅವನು ‘ನನಗೇನೂ ಗೊತ್ತಿಲ್ಲ’ ಎಂದೇ ಹೇಳಿಯಾನು. ಮೂರು ಕ್ರಮಗಳಲ್ಲಿ ಒಂದಕ್ಕೆ ಮಾತ್ರ ಅವನ ಬೆರಳುಗಳು ಮುಂದೋಡುವುದನ್ನು ತೆರೆಯ ಮೇಲಿನ ಅಂಕಿಗಳಲ್ಲಿ ಅವನೇ ನೋಡಬಹುದು. ಅದು ಯಾರಿಗಾಗಿ ಹುದುಗಿಸಿಟ್ಟ ಕ್ರಮವೆಂಬ ಪಟ್ಟಿ ಮಾತ್ರ ಇನ್ನೊಬ್ಬರ ಬಳಿ ಇರಬೇಕು, ಆ ಇನ್ನೊಬ್ಬರನ್ನು ಅವನು ನಂಬಬೇಕು.